ಪದ ಬೇಕು (ತುರ್ತು): ನಾರ್ವೆಯ ‘ಹ್ಯುಟ್ಟೆ’, ಅದರ ಹುಲ್ಲು ಬೆಳೆದ ಚಾವಣಿ

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ನಾಲ್ಕಕ್ಕೆ ಮುದ್ರಣಕ್ಕೆ ಹೋಗಬೇಕು, ಅದಕ್ಕೇ ಅವಸರ. ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುವ ಹುಡುಗರ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾರ್ವೆಯ ಫಿನ್ಸೆಗೆಂದು ಒಂದು ಪುಟ್ಟ ಮನೆಯ ನಕ್ಷೆ ಮಾಡಿದ್ದಾರೆ. ಫಿನ್ಸೆ ಅಂದರೆ ಬರ್ಗೆನ್ ರೈಲುದಾರಿಯಲ್ಲಿ 1,222 ಮೀಟರ್ ಎತ್ತರದ ನಿಲ್ದಾಣ. ಕಾರು ಹೋಗುವ ರಸ್ತೆ ಇಲ್ಲ. ಮರಗಳು ಬೆಳೆಯುವ ಎತ್ತರ ದಾಟಿದ ಜಾಗ. ಬರೀ ಬಂಡೆ, ಹಿಮ, ಗಾಳಿ.

ಮೂರು ಪದ ಸಿಕ್ಕಿಕೊಂಡಿವೆ. ಒಂದು, ಹ್ಯುಟ್ಟೆ, ಅಂದರೆ ನಾಲ್ಕು ದಿನ ಇದ್ದು ಬರುವ ಪುಟ್ಟ ಬೆಟ್ಟದ ಮನೆ. ‘ಕ್ಯಾಬಿನ್’ ಅಂದರೆ ನಮ್ಮಲ್ಲಿ ಮ್ಯಾನೇಜರ್ ಕೂರುವ ಗಾಜಿನ ಗೂಡು. ‘ಗುಡಿಸಲು’ ಅಂದರೆ ಬಡತನ. ‘ಕುಟೀರ’ ಅಂದರೆ ರೆಸಾರ್ಟ್. ಎರಡು, ಬದುಕಿರುವ ಹುಲ್ಲಿನ ಚಾವಣಿ. ಮೂರು, ಸಸ್ಟೈನಬಲ್, ಅಂದರೆ ಪರಿಸರ ಕೆಡಿಸದೆ ಬಹುಕಾಲ ನಡೆಯುವಂಥದ್ದು. ದಯವಿಟ್ಟು ಬೇಗ.

— ಕೇಳಿದವಳು

*

ಹುಡುಕಾಟ ಯಾಕೆ? ಹ್ಯುಟ್ಟೆ ಅಂದರೆ ಹಟ್ಟಿ. ಕಿವಿಗೊಟ್ಟು ಕೇಳಿ: ಹ್ಯುಟ್ಟೆ, ಹಟ್ಟಿ. ಇಂಗ್ಲಿಷಿನಲ್ಲಿ ಹಟ್. ಎಲ್ಲ ಒಂದೇ ಬೇರು. ಇದನ್ನು ಇಲ್ಲಿ ಹಿಂದೆಯೂ ಬರೆದಿದ್ದೆ, ಯಾರೂ ಉತ್ತರ ಕೊಡಲಿಲ್ಲ. ನೀಲಗಿರಿಯ ಬಡಗರು ತಮ್ಮ ಊರನ್ನೇ ಹಟ್ಟಿ ಅನ್ನುತ್ತಾರೆ. ಅಲ್ಲೂ ಬೆಟ್ಟ, ಅಲ್ಲೂ ಚಳಿ. ಇನ್ನೇನು ಬೇಕು?

— ಹಿರಿಯೂರಿನಿಂದ

*

ಉತ್ತರ ಕೊಡಲಿಲ್ಲ, ಯಾಕಂದರೆ ಅದು ಉತ್ತರಕ್ಕೆ ಲಾಯಕ್ಕಿರಲಿಲ್ಲ. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಟ್ಟಿ ಹಟ್ಟಿಯಾಯಿತು. ತಮಿಳರಲ್ಲಿ ಇವತ್ತಿಗೂ ಪಟ್ಟಿಯೇ. ನಿಮ್ಮ ಹಟ್ಟಿಯ ಹಕಾರವೇ ಈಚಿನದು, ಅದನ್ನು ಹಿಡಿದು ನಾರ್ವೆಗೆ ಹೊರಟಿದ್ದೀರಿ. ಹ್ಯುಟ್ಟೆ ನಾರ್ವೆಯವರ ಸ್ವಂತದ್ದೂ ಅಲ್ಲ, ಉತ್ತರ ಜರ್ಮನಿಯ ನುಡಿಯಾದ ಕೆಳ ಜರ್ಮನಿನಿಂದ ತಂದದ್ದು. ಸದ್ದು ಹೊಂದಿತು ಅಂತ ಹೆಣ್ಣು ಕೊಟ್ಟುಬಿಡೋದಾ?

ರಾಯಚೂರಿನವರು ಆ ಫಲಕ ಓದಿದರೆ ಚಿನ್ನದ ಗಣಿ ಅಂದುಕೊಳ್ಳುತ್ತಾರೆ.

— ಧಾರವಾಡದಿಂದ

*

ನಮ್ಮ ಕಡೆ ಹಟ್ಟಿ ಅಂದರೆ ದನದ ಕೊಟ್ಟಿಗೆ. ಮುಂದಿನದು ನಿಮ್ಮಿಷ್ಟ.

ಕಷ್ಟ ಇರುವುದು ಚಾವಣಿಯಲ್ಲಿ, ಅದರ ಬಗ್ಗೆ ಯಾರಿಗೂ ಚಿಂತೆ ಇಲ್ಲ. ‘ಹುಲ್ಲಿನ ಮಾಡು’ ಅಂದರೆ ನಮಗೆ ಕಣ್ಣಿಗೆ ಬರುವುದು ಮುಳಿಹುಲ್ಲು ಹೊದೆಸಿದ ಮಾಡು. ಕೊಯ್ದು ಒಣಗಿಸಿದ ಹುಲ್ಲು, ಸತ್ತದ್ದು. ನಾರ್ವೆಯದು ಬೇರು ಬಿಟ್ಟ ಹುಲ್ಲು ಅಲ್ವಾ? ‘ಮಣ್ಣಿನ ಮಾಡು’ ಅಂದರೆ ಹೇಗೋ ನಡೆದೀತು. ಆದರೆ ಸಮಾಸ ಕಟ್ಟಿ ‘ಮಣ್ಣುಮಾಡು’ ಅಂತ ಮಾತ್ರ ಬರೆಯಬೇಡಿ ಮಾರಾಯ್ರೆ. ಹೆಣ ಹೂತ ಹಾಗಾಗುತ್ತದೆ.

— ಕುಂದಾಪುರದಿಂದ

*

‘ಮಣ್ಣುಮಾಡು’ ಬರೆದೇಬಿಟ್ಟಿದ್ದೆ! ಅಳಿಸಿದೆ. ಬದುಕಿಸಿದಿರಿ.

ಚಾವಣಿ ಹೇಗಿರುತ್ತೆ ಅಂತ ಇನ್ನಷ್ಟು ಹೇಳುತ್ತೇನೆ. ನೀರು ತಡೆಯುವುದು ಹುಲ್ಲಲ್ಲ, ಅದರ ಕೆಳಗಿನ ಬರ್ಚ್ ಮರದ ತೊಗಟೆ. ಹೆಂಚಿನ ಹಾಗೆ ಒಂದರ ಮೇಲೊಂದು ಹಲವು ಪದರ. ಅದು ಹಾರಿಹೋಗದಂತೆ ಒತ್ತಿ ಹಿಡಿಯಲು ಹುಲ್ಲಿನ ಸಮೇತ ಕೊಯ್ದ ಮಣ್ಣಿನ ಹೆಂಟೆ, ಎರಡು ಸಾಲು. ಕೆಳಗಿನ ಸಾಲಿನ ಹುಲ್ಲು ಕೆಳಮುಖ, ಮೇಲಿನದು ಆಕಾಶದ ಕಡೆ. ಒಟ್ಟು ದಪ್ಪ ಸುಮಾರು 15 ಸೆಂಟಿಮೀಟರ್. ಒಂದು ಚದರ ಮೀಟರಿಗೆ ಸುಮಾರು 250 ಕಿಲೋ ಭಾರ, ಹಿಮ ಕೂತರೆ 400–500 ಆಗುವುದೂ ಉಂಟು. ಆ ಭಾರವೂ ಕೆಲಸಕ್ಕೆ ಬರುತ್ತದೆ. ಗೋಡೆಯ ಮರದ ದಿಮ್ಮಿಗಳನ್ನು ಒತ್ತಿ ಕೂರಿಸುತ್ತದೆ, ಸಂದಿನಲ್ಲಿ ಗಾಳಿ ನುಗ್ಗುವುದಿಲ್ಲ.

— ಕೇಳಿದವಳು

*

ಇದು ನಮ್ಮ ಮೇಲ್ಮುದ್ದೆ ಮನೆಯ ನೆಂಟ! ತೊಲೆ, ಜಂತಿ, ಮೇಲೆ ಮಣ್ಣು. ಒಂದೇ ವ್ಯತ್ಯಾಸ. ಮಳೆಗಾಲದಲ್ಲಿ ಮೇಲೆ ಹುಲ್ಲು ಹುಟ್ಟಿದರೆ ನಮ್ಮಜ್ಜ ಏಣಿ ಹತ್ತಿ ಕಿತ್ತು ಎಸೆಯುತ್ತಿದ್ದರು, ಬೇರಿನ ಜಾಡು ಹಿಡಿದು ನೀರು ಇಳಿಯುತ್ತದೆ ಅಂತ. ಅವರು ಅದನ್ನೇ ಸಾಕುತ್ತಾರಲ್ಲ! ‘ಹುಲ್ಲುಮಾಳಿಗೆ’ ಅನ್ನಿ.

— ಕೊಪ್ಪಳದಿಂದ

*

ಮಾಳಿಗೆ ಸಪಾಟು. ನಾರ್ವೆಯದು ಇಳಿಜಾರು. ಬೇಡ.

— ಧಾರವಾಡದಿಂದ

*

ಮೂರನೆಯದನ್ನು ಮರೆತಿರಾ? ‘ಸುಸ್ಥಿರ’ ಅಂತ ಬರೆಯುತ್ತೀರಿ, ನನಗೆ ಗೊತ್ತು. ಸಂಸ್ಕೃತದ ಮುಂದೆ ಕೈಚಾಚುವ ಚಟ. ಕನ್ನಡದಲ್ಲೇ ‘ಬಾಳಿಕೆ’ ಇದೆ. ‘ಬಾಳಿಕೆಮನೆ’ ಅನ್ನಿ. ಎರವಲು ಪದ ಒಂದೂ ಬೇಡ. ಒಂದಕ್ಕೆ ಬಾಗಿಲು ತೆಗೆದರೆ ನೂರು ನುಗ್ಗುತ್ತವೆ.

— ಶಿವಮೊಗ್ಗದಿಂದ

*

ಚಪ್ಪಲಿಗೂ ಬಾಳಿಕೆ ಇದೆ ಸ್ವಾಮಿ. ಕಾಂಕ್ರೀಟು ನೂರು ವರ್ಷ ಬಾಳಿಕೆ ಬರುತ್ತದೆ, ಅದು ಸಸ್ಟೈನಬಲ್ ಆಯಿತಾ? ಇನ್ನು ಬಾಗಿಲ ಮಾತು. ನಾರ್ವೆಯ ಟ್ರೆಕ್ಕಿಂಗ್ ಸಂಘ 1868ರದ್ದು. ಕಾವಲುಗಾರರಿಲ್ಲದ ಅದರ ಬೆಟ್ಟದ ಮನೆಗಳ ಬೀಗಗಳಲ್ಲಿ ಬಹುಪಾಲಿಗೆ ಒಂದೇ ನಮೂನೆಯ ಚಾವಿ, ಸದಸ್ಯರ ಕೈಗೇ ಕೊಡುತ್ತಾರೆ. ಆ ‘ಚಾವಿ’ ಪೋರ್ಚುಗೀಸರದು. ಅದನ್ನೂ ವಾಪಸ್ ಕೊಟ್ಟು ಹೊರಗೆ ಹಿಮದಲ್ಲಿ ನಿಲ್ಲೋಣವೇ?

— ಧಾರವಾಡದಿಂದ

*

ಬೀಗದಕೈ ಅಂತ ಒಂದು ಪದ ಇದೆ. ಕೇಳಿದ್ದೀರಾ?

— ಶಿವಮೊಗ್ಗದಿಂದ

*

ಬೀಗದಕೈ ಜಗಳ ಬೇರೆ ಕಡೆ ಆಡಿ, ನನಗೆ ಮುದ್ರಣಾಲಯದಿಂದ ಎರಡು ಸಲ ಫೋನ್ ಬಂತು. ಕಳಿಸಿದ್ದು ಇಷ್ಟು.

ಹ್ಯುಟ್ಟೆಗೆ ‘ಬೆಟ್ಟದ ಬಿಡಾರ’. ನಾಲ್ಕು ದಿನ ಇದ್ದು ಬರುವ ಮನೆ ಅನ್ನುವುದು ಅದರಲ್ಲಿ ಬರುತ್ತದೆ, ಬಡತನದ ವಾಸನೆ ಇಲ್ಲ. ಚಾವಣಿಗೆ ‘ಹಸಿಹುಲ್ಲಿನ ಹೊದಿಕೆ’. ‘ಹಸಿ’ ಅಂದಕೂಡಲೇ ಮುಳಿಹುಲ್ಲು ದೂರ ಸರಿಯುತ್ತದೆ, ‘ಮಾಡು’ ಇಲ್ಲದ್ದರಿಂದ ಹೆಣವೂ ಇಲ್ಲ. ಸಸ್ಟೈನಬಲ್‌ಗೆ ಪದ ಹುಡುಕುವುದನ್ನೇ ಬಿಟ್ಟೆ. ‘ಕಡಿಮೆ ಸೌದೆಯಲ್ಲಿ ಬೆಚ್ಚಗಿರುವ, ನೆಲ ಕೆಡಿಸದ’ ಅಂತ ಉದ್ದಕ್ಕೆ ಬರೆದೆ. ಫಲಕದಲ್ಲಿ ಜಾಗ ಇತ್ತು. ಇನ್ಸುಲೇಷನ್‌ಗೆ ಕೊನೇ ಗಳಿಗೆಯಲ್ಲಿ ‘ಬೆಚ್ಚಹೊದಿಕೆ’ ಹಾಕಿದೆ. ಒಂದೇ ಫಲಕದಲ್ಲಿ ಎರಡು ಹೊದಿಕೆ ಆಯಿತು, ಚಳಿ ಪ್ರದೇಶ ತಾನೇ, ಇರಲಿ.

— ಕೇಳಿದವಳು

*

ಬಿಡಾರ ಪರವಾಗಿಲ್ಲ. ಆದರೆ ಹಟ್ಟಿ ವಿಷಯ ಮುಗಿದಿಲ್ಲ. ಪಟ್ಟಿ ಬೇರೆ, ಹಟ್ಟಿ ಬೇರೆ ಅಂತ ನಾಲ್ಕು ಪುಟ ಬರೆದಿಟ್ಟಿದ್ದೇನೆ, ಭಾನುವಾರ ಹಾಕುತ್ತೇನೆ.

— ಹಿರಿಯೂರಿನಿಂದ

*

ಹಾಕಿ. ಓದುವುದಿಲ್ಲ.

— ಧಾರವಾಡದಿಂದ