ಗೋದಾಮಿನ ತಕ್ಕಡಿಯ ಅಂಕಿ ಮನೆಯ ಲ್ಯಾಪ್‌ಟಾಪ್‌ನಲ್ಲಿ ಕಾಣುವಂತೆ ಮಾಡಬಹುದೇ?

ಪ್ರಶ್ನೆ (ಗೌಡರು, ಮೂಡಿಗೆರೆ): ಸರ್, ನಮಸ್ಕಾರ. ತೋಟದ ಗೋದಾಮಿನಲ್ಲಿ ಕಾಫಿ ಹಣ್ಣು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅದರ ಬೆನ್ನಿಗೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ (ಅಂಕಿಯನ್ನು ತಂತಿಯಲ್ಲಿ ಹೊರಗೆ ಕಳಿಸುವ ಕಿಂಡಿ) ಇದೆ. ದೂಳು, ತೇವದ ನಡುವೆ ಅಲ್ಲಿ ಕಂಪ್ಯೂಟರ್ ಇಡುವಂತಿಲ್ಲ. ಕೊಯ್ಲಿನ ಕಾಲದಲ್ಲಿ ತೂಕ ನಡೆಯುವಾಗ ಅಂಕಿ ಮನೆಯಲ್ಲಿ ಕಾಣಬೇಕು. ಮಗ ಬೆಂಗಳೂರಿನಿಂದಲೂ ನೋಡಬೇಕು ಎನ್ನುತ್ತಾನೆ. ಇಎಸ್‌ಪಿ ಎಂಬ, ವೈಫೈ ಇರುವ ಪುಟ್ಟ ಬೋರ್ಡ್ ಸಾಕಂತೆ, ಹೌದೇ?

ಉತ್ತರ: ಧಾರಾಳವಾಗಿ ಸಾಕು ಗೌಡರೇ. 2014ರಲ್ಲಿ ಇಎಸ್‌ಪಿ8266 ಜನರ ಕೈಗೆ ಬಂದದ್ದೇ ಸೀರಿಯಲ್ ತಂತಿಗೆ ವೈಫೈ ಜೋಡಿಸುವ ಮಾಡ್ಯೂಲ್ ಆಗಿ. ನಿಮಗೆ ನಾನು ಹೇಳುವುದು ಅದರ ನಂತರ ಬಂದ ಇಎಸ್‌ಪಿ32. ಇದರಲ್ಲಿ ಮೂರು ಸೀರಿಯಲ್ ಪೋರ್ಟ್‌ಗಳಿವೆ. ಒಂದನ್ನು ಪ್ರೋಗ್ರಾಂ ತುಂಬಲು ಬಿಟ್ಟು ಇನ್ನೊಂದನ್ನು ತಕ್ಕಡಿಗೆ ಕೊಡಬಹುದು. ತಕ್ಕಡಿಯಿಂದ ಬಂದ ಅಂಕಿಯನ್ನು ಬೋರ್ಡ್ ವೈಫೈ ಮೂಲಕ ಕಳಿಸುತ್ತದೆ, ಮನೆಯ ಲ್ಯಾಪ್‌ಟಾಪ್‌ನಲ್ಲಿ ಟೆಲ್ನೆಟ್ (ದೂರದ ಸಾಧನ ಕಳಿಸಿದ ಅಕ್ಷರಗಳನ್ನು ತೋರಿಸುವ ಹಳೆಯ ವಿಧಾನ) ಮೂಲಕ ನೋಡಬಹುದು.

ಬೋರ್ಡ್ ಸುಡುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಒಂಬತ್ತು ಪಿನ್ನಿನ ಪೋರ್ಟ್ ಎಂದರೆ ಹೆಚ್ಚಾಗಿ ಆರ್‌ಎಸ್-232 ಎಂಬ ಹಳೆಯ ಸೀರಿಯಲ್ ಪದ್ಧತಿ. ಅದರ ತಂತಿಯಲ್ಲಿ ಪ್ಲಸ್ 3ರಿಂದ 15, ಮೈನಸ್ 3ರಿಂದ 15 ವೋಲ್ಟ್ ಓಡಾಡುತ್ತದೆ. ಇಎಸ್‌ಪಿಯ ಕಾಲುಗಳು ತಡೆಯುವುದು 3.3 ವೋಲ್ಟ್ ಮಾತ್ರ. ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್3232 ಪರಿವರ್ತಕ ಇರಲೇಬೇಕು. ಅದಿಲ್ಲದೆ ದಯವಿಟ್ಟು ಜೋಡಿಸಬೇಡಿ.

ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕಪ್ಪು ಕಡ್ಡಿ 5ನೆಯ ಪಿನ್ನಿಗೆ, ಕೆಂಪು ಕಡ್ಡಿ 2ಕ್ಕೆ, ಆಮೇಲೆ 3ಕ್ಕೆ. ಯಾವುದರಲ್ಲಿ ಮೈನಸ್ ಐದಾರು ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಕಾಣುತ್ತದೋ ಅದೇ ತಕ್ಕಡಿ ಮಾತಾಡುವ ತಂತಿ. ಆ ತಂತಿ ಮತ್ತು 5ನೆಯ ಪಿನ್, ಇವೆರಡನ್ನೇ ತನ್ನಿ. ಬೋರ್ಡಿನಿಂದ ತಕ್ಕಡಿಗೆ ಹೋಗುವ ತಂತಿಯನ್ನು ಹಾಕಲೇಬೇಡಿ. ಕೆಲವು ತಕ್ಕಡಿಗಳು ಸೀರಿಯಲ್ ಮೂಲಕ ಬಂದ ಒಂದು ಅಕ್ಷರಕ್ಕೇ ತೂಕವನ್ನು ಸೊನ್ನೆ ಮಾಡುತ್ತವೆ. ತಂತಿಯೇ ಇಲ್ಲದಿದ್ದರೆ ಯಾರೂ ಹೊರಗಿನಿಂದ ನಿಮ್ಮ ತೂಕವನ್ನು ಮುಟ್ಟಲಾರರು. ಕೂಲಿ ಲೆಕ್ಕ ಆ ಅಂಕಿಯ ಮೇಲೇ ನಿಂತಿರುವಾಗ ಇದು ಸಣ್ಣ ಮಾತಲ್ಲ. ತಕ್ಕಡಿಯ ಪೆಟ್ಟಿಗೆಯನ್ನೂ ಬಿಚ್ಚಬೇಡಿ, ಅದರ ಮೇಲೆ ಮಾಪನ ಇಲಾಖೆಯ ಮುದ್ರೆ ಇರುತ್ತದೆ.

ಮಗನ ವಿಷಯ: ರೂಟರ್‌ನಲ್ಲಿ ಪೋರ್ಟ್ ತೆರೆದು ಬೋರ್ಡನ್ನು ನೇರವಾಗಿ ಇಂಟರ್‌ನೆಟ್‌ಗೆ ಬಿಡಬೇಡಿ. ಟೆಲ್ನೆಟ್‌ನಲ್ಲಿ ಎಲ್ಲವೂ ಬಿಚ್ಚಿಟ್ಟಂತೆ ಹರಿಯುತ್ತದೆ, ಗೂಢಲಿಪಿ ಇಲ್ಲ. ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಟ್ಟು ಅದರಲ್ಲಿ ವಿಪಿಎನ್ (ಇಂಟರ್‌ನೆಟ್ ಮೂಲಕ ಮನೆಯ ಜಾಲಕ್ಕೆ ಬರುವ ಗೂಢಲಿಪಿಯ ದಾರಿ) ಹಾಕಿ, ಮಗ ಅದರ ಮೂಲಕ ಒಳಗೆ ಬರಲಿ.

ಮರುಪ್ರಶ್ನೆ (ಸಕಲೇಶಪುರದಿಂದ ಒಬ್ಬ ಸದಸ್ಯೆ): ಸರ್, ನಮ್ಮ ಸೋಲಾರ್ ಇನ್ವರ್ಟರ್‌ನಲ್ಲಿ ಒಂಬತ್ತು ಪಿನ್ ಇಲ್ಲ, ಎ ಮತ್ತು ಬಿ ಎಂದು ಬರೆದ ಎರಡು ತಿರುಪು ಮಾತ್ರ ಇವೆ. ಇದಕ್ಕೂ ಅದೇ ನಡೆಯುತ್ತದೆಯೇ?

ಉತ್ತರ: ಬೋರ್ಡ್ ಅದೇ ಮೇಡಂ, ಪರಿವರ್ತಕ ಬೇರೆ. ನಿಮ್ಮದು ಆರ್‌ಎಸ್-485, ಎರಡು ತಂತಿಯಲ್ಲಿ ನಡೆಯುವ ಇನ್ನೊಂದು ಸೀರಿಯಲ್ ಪದ್ಧತಿ. 3.3 ವೋಲ್ಟಿನಲ್ಲೇ ಕೆಲಸ ಮಾಡುವ ಮ್ಯಾಕ್ಸ್3485 ತೆಗೆದುಕೊಳ್ಳಿ. ಇನ್ವರ್ಟರ್ ಸಾಮಾನ್ಯವಾಗಿ ಮಾಡ್‌ಬಸ್ ಎಂಬ ಯಂತ್ರಗಳ ಭಾಷೆಯಲ್ಲಿ ಮಾತಾಡುತ್ತದೆ, ಕೇಳಿದರೆ ಮಾತ್ರ ಉತ್ತರ ಕೊಡುತ್ತದೆ. ಹಾಗಾಗಿ ನಿಮಗೆ ಎರಡೂ ದಿಕ್ಕು ಬೇಕು. ಆರ್‌ಎಸ್-485 ತಂತಿಯನ್ನು 1,200 ಮೀಟರ್‌ವರೆಗೂ ಎಳೆಯಬಹುದು. ಆದರೆ ಮುಂಗಾರಿಗೆ ಮುಂಚಿನ ಸಿಡಿಲು ನಿಮ್ಮ ಕಡೆ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಉದ್ದದ ತಂತಿ ಸಿಡಿಲನ್ನು ಮನೆಯೊಳಗೆ ಕರೆಯುತ್ತದೆ. ಬೋರ್ಡನ್ನು ಇನ್ವರ್ಟರ್ ಪಕ್ಕದಲ್ಲೇ ಇಟ್ಟು ಉಳಿದ ದೂರವನ್ನು ವೈಫೈಗೆ ಬಿಡಿ, ಐಸೊಲೇಷನ್ (ಎರಡು ಬದಿಯ ನಡುವೆ ವಿದ್ಯುತ್ ಸಂಪರ್ಕವಿಲ್ಲದ ವ್ಯವಸ್ಥೆ) ಇರುವ ಪರಿವರ್ತಕಕ್ಕೇ ಹಣ ಹಾಕಿ.

ಗೌಡರು: ಅಳೆದೆ ಸರ್. 3ನೆಯ ಪಿನ್ನಿನಲ್ಲಿ ಮೈನಸ್ ಬಂತು. ಜೋಡಿಸಿದೆ, ಆದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು.

ಉತ್ತರ: ಅಕ್ಷರಗಳು ಬರುತ್ತಿವೆ ಎಂದರೆ ತಂತಿ ಸರಿ ಇದೆ, ವೇಗ ಹೊಂದುತ್ತಿಲ್ಲ. ತಕ್ಕಡಿಯ ಸೆಟ್ಟಿಂಗ್‌ನಲ್ಲಿ ಬಾಡ್ ದರ, ಅಂದರೆ ಅಕ್ಷರ ಕಳಿಸುವ ವೇಗ, ನೋಡಿ; ಬೋರ್ಡಿನಲ್ಲೂ ಅದನ್ನೇ ಇಡಿ. 9600 ಅಲ್ಲದಿದ್ದರೆ 4800, 2400, 1200 ಹೀಗೆ ಇಳಿಯುತ್ತಾ ಬನ್ನಿ. ಅಂಕಿ ಬಂದೂ ನಡುನಡುವೆ ಒಂದೊಂದು ಅಕ್ಷರ ಕೆಟ್ಟರೆ ಪ್ಯಾರಿಟಿ (ತಪ್ಪು ಹಿಡಿಯಲು ಅಕ್ಷರದ ಜೊತೆ ಕಳಿಸುವ ಒಂದು ಬಿಟ್) ನೋಡಿ. ಕೆಲವು ತಕ್ಕಡಿಗಳು 7 ಬಿಟ್, ಈವನ್ ಪ್ಯಾರಿಟಿಯಲ್ಲಿ ಕಳಿಸುತ್ತವೆ.