ಸಹಾಯ ಬೇಕು: ಮಕ್ಕಳಿಗೆ ವಸ್ತುಸಂಗ್ರಹಾಲಯ ತೋರಿಸಿ ವಿವರಿಸುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕಿ. ಬರುವ ತಿಂಗಳು ಏಳನೇ ತರಗತಿಯ 34 ಮಕ್ಕಳನ್ನು ದುರ್ಗದ ವಸ್ತುಸಂಗ್ರಹಾಲಯಕ್ಕೂ ಅಲ್ಲಿಂದ ಹತ್ತಿರದ ಪ್ರಾಚೀನ ನೆಲೆಯಾದ ಚಂದ್ರವಳ್ಳಿಗೂ ಕರೆದುಕೊಂಡು ಹೋಗಬೇಕೆಂದಿದ್ದೇನೆ.

ಹೋದ ವರ್ಷ ಬೇರೊಂದು ಊರಿನಲ್ಲಿ ಇಂಥದೇ ಭೇಟಿ ಹತ್ತು ನಿಮಿಷದಲ್ಲಿ ಮುಗಿದುಹೋಗಿತ್ತು. ಅಲ್ಲಿ ಕೇಳಿಸಿದ್ದು ಒಂದೇ ಮಾತು, 'ಮುಟ್ಟಬೇಡಿ'. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತರು, ಉಸಿರಿನ ಮಸುಕಿನ ಮೇಲೆ ಬೆರಳಿನಿಂದ ಹೆಸರು ಬರೆದರು, ಹೊರಗೆ ಬಂದು ಮಂಡಕ್ಕಿ ತಿಂದರು. ತಪ್ಪು ನನ್ನದೂ ಇತ್ತು, ಮೊದಲೇ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಈ ಸಲ ಪಾಠ ಶುರುಮಾಡಿದ್ದೇನೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳಷ್ಟೇ ಅಲ್ಲ, ರೋಮಿನ ಬೆಳ್ಳಿ ನಾಣ್ಯವೂ ಸಿಕ್ಕಿದೆ ಎಂದೆ. "ಅಷ್ಟು ದೂರದ ದುಡ್ಡು ನಮ್ಮೂರಿಗೆ ಯಾಕೆ ಬಂತು ಮೇಡಂ?" ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ವ್ಯಾಪಾರ ಎಂದು ಒಂದೇ ಪದದಲ್ಲಿ ಜಾರಿಕೊಂಡೆ.

ಇದನ್ನು ಸರಳ ಕನ್ನಡದಲ್ಲಿ, ಕಥೆಯಂತೆ ಹೇಳಬಲ್ಲ ಇತಿಹಾಸದ ಅಧ್ಯಾಪಕರು ಅಥವಾ ಸಂಶೋಧನಾ ವಿದ್ಯಾರ್ಥಿಗಳು ಅರ್ಧ ದಿನ ಬಿಡುವು ಮಾಡಿಕೊಳ್ಳಬಹುದೇ? ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದುತ್ತಿರುವವರು ಯಾರಾದರೂ ಬಂದು, ನೋಡಿದ ಮಡಕೆಗಳನ್ನು ಮಕ್ಕಳ ಕೈಯಲ್ಲೇ ಜೇಡಿಮಣ್ಣಿನಲ್ಲಿ ಮಾಡಿಸಿದರೆ ಇನ್ನೂ ಸಂತೋಷ. ಮಣ್ಣು ನಾವೇ ತರುತ್ತೇವೆ, ಕೆರೆಯ ಪಕ್ಕದಲ್ಲೇ ನಮ್ಮ ಶಾಲೆ. ಬಸ್ ಖರ್ಚು, ಊಟ ನನ್ನ ಜವಾಬ್ದಾರಿ. ಶನಿವಾರವಾದರೆ ಅನುಕೂಲ. ಬರಬಲ್ಲವರು ಇಲ್ಲೇ ತಿಳಿಸಿ.