ಹದಿಹರೆಯದ ಮಕ್ಕಳು: ಆಪ್ತಸಮಾಲೋಚಕರನ್ನು ಕೇಳಿ

ಸದಸ್ಯೆ 1: ಮೇಡಂ, ಮಗನಿಗೆ 15. ಮಾತು ಮಾತಿಗೂ ಎದುರುತ್ತರ. ಫ್ರೆಂಡ್ಸ್ ಕರೆದರೆ ಮಾತ್ರ ಎದ್ದು ಓಡುತ್ತಾನೆ. ಫೋನ್ ಕಿತ್ತಿಟ್ಟುಕೊಳ್ಳಲಾ?

ಸಮಾಲೋಚಕಿ: ಬೇಡ. 2020ರಲ್ಲಿ ಶಾಲೆ ಮುಚ್ಚಿದಾಗ ಅವನು ಚಿಕ್ಕವನು. ಜಗಳ ಆಡಿ ರಾಜಿಯಾಗುವುದನ್ನು ಕಲಿಯಬೇಕಾದ ವಯಸ್ಸು ಮನೆಯೊಳಗೇ ಕಳೆಯಿತು. ಈಗ ಕಲಿಯುತ್ತಿದ್ದಾನೆ, ನಿಮ್ಮ ಮೇಲೂ ಪ್ರಯೋಗ ಮಾಡುತ್ತಾನೆ. ರಾತ್ರಿ ಮಾತ್ರ ಫೋನ್ ಕೋಣೆಯ ಹೊರಗಿರಲಿ, ನಿಮ್ಮದೂ ಸೇರಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

ಸದಸ್ಯ 2: ನನ್ನ ಮಗಳಿಗೆ 13. ಫೋನ್ ಕಿತ್ತುಕೊಂಡರೆ ಸರಿ ಹೋಗ್ತಾಳಾ?

ಸಮಾಲೋಚಕಿ: ಮೇಲೆ ಬರೆದಿದ್ದೇನೆ.

ಸದಸ್ಯೆ 3: ನಮ್ಮವಳು 16. ಆಪ್ತ ಗೆಳತಿ ದೂರವಾದ ಮೇಲೆ ಒಂದು ತಿಂಗಳಿಂದ ಹಟವೇ ಇಲ್ಲ, ಹೇಳಿದಂತೆ ಕೇಳುತ್ತಾಳೆ. ಪ್ರಾಣದಂತಿದ್ದ ಗಿಟಾರನ್ನೂ ತಂಗಿಗೆ ಕೊಟ್ಟುಬಿಟ್ಟಳು. ಊಟ ಕಡಿಮೆ. ಓದಿನಲ್ಲಿ ಆಸಕ್ತಿ ಬರಲು ಏನು ಮಾಡಲಿ?

ಸಮಾಲೋಚಕಿ: ಓದು ಪಕ್ಕಕ್ಕಿಡಿ. ಇವತ್ತಿನ ಪ್ರಶ್ನೆಗಳಲ್ಲಿ ನನಗೆ ಭಯ ಹುಟ್ಟಿಸಿದ್ದು ಇದೊಂದೇ. ಬಾಗಿಲು ದಢಾರನೆ ಹಾಕುವ ಮಗುವಿಗೆ ನಿಮ್ಮಿಂದ ಇನ್ನೂ ಏನೋ ಬೇಕು. ಇವಳು ಕೇಳುವುದನ್ನೇ ಬಿಟ್ಟಿದ್ದಾಳೆ. ಎರಡು ವಾರ ಮೀರಿದ ಮಂಕು, ಊಟ ಬಿಡುವುದು, ಇಷ್ಟದ ವಸ್ತು ಹಂಚುವುದು, ಇವು ಅಪಾಯದ ಸೂಚನೆಗಳು. ಇವತ್ತೇ ಪಕ್ಕದಲ್ಲಿ ಕೂತು, "ಸಾಯಬೇಕು ಅನ್ನಿಸುತ್ತಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಅವಳು ಏನೇ ಹೇಳಲಿ, ಗದರಬೇಡಿ, ಆಣೆ ಹಾಕಿಸಬೇಡಿ. ಮನೆಯಲ್ಲಿರುವ ಮಾತ್ರೆ, ಕೀಟನಾಶಕ ಬೀಗದೊಳಗೆ ಇಡಿ. ಮನೋವೈದ್ಯರನ್ನು ಬೇಗ ಕಾಣಿ. "ಹೌದು" ಎಂದರೆ ಈಗಲೇ ಆಸ್ಪತ್ರೆಗೆ ಹೊರಡಿ.

ಸದಸ್ಯ 4: ಫಾರ್ವರ್ಡ್ ಬಂದಿದೆ: ನಿದ್ದೆ ಮಾತ್ರೆ ಅರ್ಧ ಪುಡಿ ಮಾಡಿ ಹಾಲಿಗೆ ಹಾಕಿದರೆ ಮಕ್ಕಳ ಸಿಟ್ಟು ಇಳಿಯುತ್ತದಂತೆ.

ಸಮಾಲೋಚಕಿ: ತಕ್ಷಣ ಅಳಿಸಿ. ವೈದ್ಯರು ಬರೆಯದ ಮಾತ್ರೆಯನ್ನು ಮಗುವಿಗೆ ಗೊತ್ತಾಗದಂತೆ ಕೊಡುವುದು ಔಷಧವಲ್ಲ, ಮೋಸ. ಉಸಿರಾಟಕ್ಕೇ ತೊಂದರೆಯಾಗಬಹುದು. ಕಳಿಸುವ ಮೊದಲು ಒಮ್ಮೆ ಓದಿ, ದಯವಿಟ್ಟು.

ಸದಸ್ಯ 5: ನಮ್ಮ ಕಾಲದಲ್ಲಿ ಎರಡು ಬಿಗಿದರೆ ಮುಗೀತಿತ್ತು. ಸಮಾಲೋಚನೆ ಗಿಮಾಲೋಚನೆ ಇರಲಿಲ್ಲ.

ಸದಸ್ಯೆ 1: ಅದಕ್ಕೇ ನೀವು ಇವತ್ತಿಗೂ ಹೀಗೆ ಮಾತಾಡೋದು.

ಸದಸ್ಯ 5: ಮಗ ನಿಮಗೆ ಎದುರುತ್ತರ ಕೊಡೋದು ಯಾಕೆ ಅಂತ ಈಗ ಗೊತ್ತಾಯ್ತು!

ಸದಸ್ಯೆ 6: ಮೇಡಂ, ಮಗ ಕೂದಲಿಗೆ ನೀಲಿ ಬಣ್ಣ ಹಾಕಿಕೊಂಡಿದ್ದಾನೆ...

ಸದಸ್ಯ 2: ಹಾಗಾದ್ರೆ ಫೋನ್ ಕೊಡ್ಲಾ, ಬೇಡ್ವಾ?

ಸಮಾಲೋಚಕಿ: ಸ್ವಲ್ಪ ಸುಮ್ಮನಿರಿ ಎಲ್ಲರೂ. ಗಿಟಾರ್ ಹುಡುಗಿಯ ಅಮ್ಮ, ಓದಿದಿರಾ?

ಸದಸ್ಯೆ 3: ಕೇಳಿದೆ ಮೇಡಂ. ಮೊದಲು ನಕ್ಕಳು, ಆಮೇಲೆ ತುಂಬಾ ಅತ್ತಳು. "ಹೌದು" ಅಂದಳು. ಆಸ್ಪತ್ರೆಗೆ ಹೊರಟಿದ್ದೇವೆ.

ಸಮಾಲೋಚಕಿ: ಒಬ್ಬಳನ್ನೇ ಬಿಡಬೇಡಿ, ಬಾತ್‌ರೂಮ್ ಚಿಲಕ ಹಾಕಿಕೊಳ್ಳಲೂ ಬೇಡ. ನಿಮಗೆ ಕರೆ ಮಾಡುತ್ತಿದ್ದೇನೆ, ಎತ್ತಿ.